ಪಂಕ್ತಿಭೇದವಿಲ್ಲದ ಪಾಠಶಾಲೆ: ಸಿಯಾಲ್ದಾ ಲೊರೆಟೊ ಶಾಲೆಯ ಪ್ರಯೋಗ

ಪಂಕ್ತಿ ಎಂಬ ಶಬ್ದಕ್ಕೆ ಸಾಲು ಎಂಬುದು ಸಾಮಾನ್ಯಾರ್ಥ. ಐದು ಎಂಬ ಸಂಖ್ಯೆಯನ್ನು ಹೇಳುವ ಪಂಚ ಶಬ್ದದೊಡನೆ ಇದಕ್ಕೆ ಸಂಬಂಧವುಂಟು. ಐದು ಪಾದಗಳುಳ್ಳ ವೈದಿಕ ಛಂದಸ್ಸೊಂದಕ್ಕೂ ಪಂಕ್ತಿಯೆಂದೇ ಹೆಸರು. ಕನ್ನಡದಲ್ಲಿ ಇದು ಪಂತಿ ಎಂಬ ತದ್ಭವರೂಪವನ್ನು ತಳೆದು, ಊಟಕ್ಕೆ ಕುಳಿತವರ ಸಾಲು ಎಂಬ ವಿಶೇಷಾರ್ಥದಲ್ಲಿ ಬಳಕೆಗೆ ಬಂದಿದೆ. ಒಂದೇ ಸಾಲಿನಲ್ಲಿ ಕುಳಿತವರೊಳಗೆ ಒಬ್ಬನ ಎಲೆಗೆ ತುಪ್ಪವನ್ನು ಬಡಿಸಿ ಮತ್ತೊಬ್ಬನ ಎಲೆಯನ್ನು ದಾಟಿ ನಡೆದರೆ ಅದನ್ನು ಪಂಕ್ತಿಭೇದವೆಂದು ನಮ್ಮ ಹಿರಿಯರು ನಿಂದಿಸಿದರು. ಹಸಿದವನಿಗೆ ಅನ್ನವಿಕ್ಕದಿರುವುದು ಒಂದು ತಪ್ಪು. ಕರೆದು ಕೂರಿಸಿ ಭೇದವೆಣಿಸುವುದು ಅದಕ್ಕಿಂತಲೂ ದೊಡ್ಡ ತಪ್ಪು. ಆ ಒಂದು ಸಮಸ್ತಪದದೊಳಗೆ ಇಷ್ಟು ವಿವೇಕ ಅಡಗಿದೆ.

ಈ ಮಾತನ್ನು ಊಟದ ಮನೆಯಿಂದ ಪಾಠದ ಮನೆಗೆ ತಂದು ನೋಡೋಣ. ಶುಲ್ಕ ತೆರಬಲ್ಲವರ ಮಕ್ಕಳಿಗೆ ಒಂದು ಶಾಲೆ, ತೆರಲಾರದವರ ಮಕ್ಕಳಿಗೆ ಇನ್ನೊಂದು ಶಾಲೆ. ಎರಡಕ್ಕೂ ಸೇರದೆ ಬೀದಿಯಲ್ಲಿಯೇ ಬೆಳೆಯುವ ಮಕ್ಕಳಿಗೆ ಯಾವ ಶಾಲೆಯೂ ಇಲ್ಲ. ನಮ್ಮ ದೇಶದ ನಗರಗಳಲ್ಲಿ ವಿದ್ಯೆಯ ಪಂಕ್ತಿ ಹಾಕಿರುವ ಬಗೆ ಬಹುಮಟ್ಟಿಗೆ ಇದೇ. ಕಲ್ಕತ್ತಾ ನಗರದ (ಈಗಿನ ಕೊಲ್ಕತ್ತಾ) ಒಂದು ಕೆಥೊಲಿಕ್ ಬಾಲಿಕಾ ಪ್ರೌಢಶಾಲೆಯು ಈ ಮೂರು ಸಾಲುಗಳನ್ನು ಒಂದೇ ಛಾವಣಿಯ ಕೆಳಗೆ ತರಲು ಮೂರು ದಶಕಗಳ ಕಾಲ ಯತ್ನಿಸಿತು. ಬಹುಮಟ್ಟಿಗೆ ತಂದೂ ತೋರಿಸಿತು. ಆ ಯತ್ನದ ಮುಂದಾಳಾಗಿದ್ದ ಸಿಸ್ಟರ್ ಸಿರಿಲ್ ಮೂನಿ ಅವರು 2023ರ ಜೂನ್ ತಿಂಗಳಿನಲ್ಲಿ ನಿಧನ ಹೊಂದಿದರು. ಅವರು ನಡೆಸಿದ ಕಾರ್ಯದ ಸ್ವರೂಪವೇನು, ಅದು ಹೇಗೆ ನಡೆಯಿತು, ಅದರಿಂದ ಶಿಕ್ಷಣಸಂಸ್ಥೆಗಳು ತಿಳಿಯತಕ್ಕ ತತ್ತ್ವವೇನು ಎಂಬುದನ್ನು ವಾಚಕರ ಮುಂದೆ ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಶಾಲೆಯೂ ಅದರ ನೆರೆಯೂ

ಲೊರೆಟೊ ಸಹೋದರಿಯರ ಸಂಘದ ಮೂಲವು 17ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಮೇರಿ ವಾರ್ಡ್ ಎಂಬ ಇಂಗ್ಲೆಂಡಿನ ಮಹಿಳೆ 1609ರಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನೇ ಗುರಿಯಾಗಿಟ್ಟುಕೊಂಡು ಒಂದು ಸಂಘವನ್ನು ಕಟ್ಟಿದರು. ಎರಡು ಶತಮಾನಗಳ ತರುವಾಯ ತೆರೇಸಾ ಬಾಲ್ ಎಂಬವರು ಐರ್ಲೆಂಡಿನಲ್ಲಿ ಅದರ ಶಾಖೆಯೊಂದನ್ನು ಸ್ಥಾಪಿಸಿ, ಇಟಲಿಯ ಯಾತ್ರಾಸ್ಥಳವೊಂದರ ಹೆಸರನ್ನು ಅದಕ್ಕಿಟ್ಟುದರಿಂದ ಲೊರೆಟೊ ಎಂಬ ನಾಮವು ರೂಢಿಗೆ ಬಂದಿತು. ಈ ಐರಿಷ್ ಶಾಖೆಯ ಚಿಕ್ಕ ತಂಡವೊಂದು 1841ರ ಕೊನೆಯಲ್ಲಿ ಹಡಗಿನಿಂದ ಕಲ್ಕತ್ತೆಗೆ ಬಂದಿಳಿದು, ಮರುವರ್ಷವೇ ಲೊರೆಟೊ ಹೌಸ್ ಎಂಬ ಶಾಲೆಯನ್ನು ತೆರೆಯಿತು. ಸಿಯಾಲ್ದಾದಲ್ಲಿ ಶಾಲೆ ಆರಂಭವಾದುದು 1857ರಲ್ಲಿ. ಜಗದ್ವಿಖ್ಯಾತರಾದ ಮದರ್ ತೆರೇಸಾ ಅವರೂ ಮೊದಲು ಭಾರತಕ್ಕೆ ಬಂದುದು ಲೊರೆಟೊ ಸಹೋದರಿಯಾಗಿಯೇ. ಸಿಯಾಲ್ದಾಕ್ಕೆ ಸಮೀಪದ ಎಂಟಾಲಿಯ ಶಾಲೆಯಲ್ಲಿ ಅವರು ಬಹುವರ್ಷ ಅಧ್ಯಾಪಿಕೆಯಾಗಿದ್ದು, 1948ರಲ್ಲಿ ಆ ಆವರಣವನ್ನು ಬಿಟ್ಟು ಬೀದಿಯ ಬಡವರ ಸೇವೆಗೆ ಹೊರಟರೆಂಬುದು ಎಲ್ಲರೂ ಬಲ್ಲ ಸಂಗತಿ.

ಸಿಯಾಲ್ದಾ ಎಂದೊಡನೆ ಬಂಗಾಳದವರ ಮನಸ್ಸಿಗೆ ಬರುವುದು ರೈಲು ನಿಲ್ದಾಣ. ಪೂರ್ವ ಬಂಗಾಳದ ಕಡೆಯಿಂದ ಬರುವವರಿಗೆ ಮಹಾನಗರದ ಹೆಬ್ಬಾಗಿಲು ಅದು. 1947ರ ದೇಶವಿಭಜನೆಯ ತರುವಾಯ ಮನೆಮಾರುಗಳನ್ನು ಕಳೆದುಕೊಂಡು ಬಂದ ನಿರಾಶ್ರಿತ ಕುಟುಂಬಗಳು ಆ ನಿಲ್ದಾಣದ ಪ್ಲಾಟ್‌ಫಾರಂಗಳ ಮೇಲೆಯೇ ತಿಂಗಳುಗಟ್ಟಲೆ ಸಂಸಾರ ನಡೆಸಿದವು. ಅನಂತರವೂ ಹಳ್ಳಿಗಳಿಂದ ಕೂಲಿಯನ್ನರಸಿ ಬರುವವರ ಪ್ರವಾಹ ನಿಲ್ಲಲಿಲ್ಲ. ಹೀಗಾಗಿ ಶಾಲೆಯ ಆವರಣದ ಒಳಗೆ ಸಮವಸ್ತ್ರ ಧರಿಸಿದ ಬಾಲಿಕೆಯರು ಪಾಠ ಕೇಳುತ್ತಿದ್ದರೆ, ಅದೇ ಗೋಡೆಯ ಹೊರಮಗ್ಗುಲಲ್ಲಿ ಅವರದೇ ವಯಸ್ಸಿನ ಬಾಲಿಕೆಯರು ಕಾಗದದ ಚೂರುಗಳನ್ನು ಆಯುತ್ತ, ಎಳೆಯ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದರು. ಇದು ಕಲ್ಕತ್ತೆಗೆ ಮಾತ್ರ ವಿಶಿಷ್ಟವಾದ ನೋಟವಲ್ಲ. ದಿನವೂ ಕಾಣುವುದರಿಂದಲೇ ಕಣ್ಣಿಗೆ ಬೀಳದೆ ಹೋಗುವ ನೋಟವೆಂದು ಹೇಳಬಹುದು.

ಸಿರಿಲ್ ಮೂನಿ ಅವರು 1936ರಲ್ಲಿ ಐರ್ಲೆಂಡಿನ ಬ್ರೇ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. 1956ರಲ್ಲಿ, ಇಪ್ಪತ್ತು ತುಂಬುವ ವಯಸ್ಸಿನಲ್ಲಿ, ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದರು. 1979ರಲ್ಲಿ ಸಿಯಾಲ್ದಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾದಾಗ ಅಲ್ಲಿದ್ದ ವಿದ್ಯಾರ್ಥಿನಿಯರ ಸಂಖ್ಯೆ ಸುಮಾರು 790. ಅವರಲ್ಲಿ ಬಡಮಕ್ಕಳು 90 ಮಂದಿ ಮಾತ್ರ. ಎಲ್ಲ ಒಳ್ಳೆಯ ಶಾಲೆಗಳಲ್ಲಿಯೂ ಇರುವಂತೆ ಇಲ್ಲಿಯೂ ದಾನಕ್ಕೆ ಒಂದು ಮೂಲೆಯಿತ್ತೆಂದು ಇದರ ಅರ್ಥ. ಆ ಮೂಲೆಯನ್ನು ನಡುಮನೆಯಾಗಿ ಮಾಡುವುದು ಅವರ ಸಂಕಲ್ಪವಾಯಿತು.

ಮೊದಲ ಹೆಜ್ಜೆ: ಒಂದೇ ಸಾಲು

ಅವರು ಕೈಗೊಂಡ ಮೊದಲನೆಯ ಕಾರ್ಯವು ನೋಡಲು ಸರಳ, ನಡೆಸಲು ಕಠಿನ. ಶುಲ್ಕ ಕೊಡುವವರ ಸಂಖ್ಯೆಯನ್ನು ತಗ್ಗಿಸದೆ, ಶುಲ್ಕವಿಲ್ಲದೆ ಕಲಿಯುವವರ ಸಂಖ್ಯೆಯನ್ನು ವರ್ಷವರ್ಷವೂ ಏರಿಸುತ್ತ ಹೋದರು. 1998ರ ಹೊತ್ತಿಗೆ ಶಾಲೆಯಲ್ಲಿ ಸುಮಾರು 1400 ಮಂದಿ ವಿದ್ಯಾರ್ಥಿನಿಯರಿದ್ದರು. ಅವರಲ್ಲಿ 700 ಮಂದಿ ಶುಲ್ಕ ತೆರುವವರು, ಉಳಿದ 700 ಮಂದಿ ತೆರಲಾರದವರು. ಅರ್ಧಕ್ಕೆ ಅರ್ಧ.

ಈ ಅಂಕಿಗಳನ್ನು ತುಸು ನಿಧಾನವಾಗಿ ಪರಿಶೀಲಿಸಬೇಕು. 1979ರಲ್ಲಿ 790ರಲ್ಲಿ 90ನ್ನು ಕಳೆದರೆ ಉಳಿಯುವುದು 700. 1998ರಲ್ಲಿಯೂ ಶುಲ್ಕ ತೆರುವವರು 700. ಎಂದರೆ ಈ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಉಳ್ಳವರ ಮಕ್ಕಳ ಎಡೆಯನ್ನು ಕಸಿದು ಇಲ್ಲದವರಿಗೆ ಕೊಟ್ಟದ್ದಾಗಲಿಲ್ಲ; ಪಂಕ್ತಿಯೇ ಉದ್ದವಾಯಿತು. ಅಷ್ಟೇ ಮಹತ್ತ್ವದ ಇನ್ನೊಂದು ಸಂಗತಿಯೂ ಇದರಿಂದ ತಿಳಿಯುತ್ತದೆ. ಬಡಮಕ್ಕಳು ಬಂದರೆ ಸ್ಥಿತಿವಂತರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವರೆಂಬುದು ಆಡಳಿತ ಮಂಡಳಿಗಳನ್ನು ಸದಾ ಕಾಡುವ ಭಯ. ಆ ಭಯವು ನಿಜವಾಗುವುದಾಗಿದ್ದರೆ 700 ಎಂಬ ಸಂಖ್ಯೆ ಕರಗಿಹೋಗಬೇಕಾಗಿತ್ತು. ಅದು ಕರಗಲಿಲ್ಲ.

ಶುಲ್ಕ ತೆರದ ಮಕ್ಕಳಿಗೆ ಬೇರೆ ವೇಳೆಯಲ್ಲಿ ಬೇರೆ ತರಗತಿ ನಡೆಸುವ ಕ್ರಮ ನಮ್ಮ ದೇಶದ ಅನೇಕ ಪ್ರತಿಷ್ಠಿತ ಶಾಲೆಗಳಲ್ಲಿ ಕಂಡುಬರುತ್ತದೆ. ಬೆಳಿಗ್ಗೆ ಉಳ್ಳವರ ಶಾಲೆ, ಮಧ್ಯಾಹ್ನ ಅದೇ ಕಟ್ಟಡದಲ್ಲಿ ಬಡವರ ಶಾಲೆ. ಉದ್ದೇಶ ಒಳ್ಳೆಯದಾದರೂ ಅದು ಎರಡನೆಯ ಪಂಕ್ತಿಯೇ ಸರಿ. ಸಿಯಾಲ್ದಾದಲ್ಲಿ ಹಾಗೆ ಮಾಡಲಿಲ್ಲ. ವೈದ್ಯನ ಮಗಳೂ ರಿಕ್ಷಾ ಎಳೆಯುವವನ ಮಗಳೂ ಒಂದೇ ತರಗತಿಯಲ್ಲಿ, ಒಂದೇ ಬಗೆಯ ಉಡುಪಿನಲ್ಲಿ, ಒಬ್ಬಳೇ ಅಧ್ಯಾಪಿಕೆಯಿಂದ ಪಾಠ ಕೇಳುವ ವ್ಯವಸ್ಥೆ ಏರ್ಪಟ್ಟಿತು. ಪುಸ್ತಕ, ಬಟ್ಟೆ, ಅನ್ನ, ಔಷಧಗಳಿಗೆ ಅನುಕೂಲವಿಲ್ಲದವರಿಗೆ ಶಾಲೆಯೇ ನೆರವಾಗಬೇಕಾಯಿತು. ಬಡಮಗುವಿಗೆ ಶುಲ್ಕವನ್ನು ಮಾತ್ರ ಬಿಟ್ಟುಕೊಟ್ಟು ಕೈತೊಳೆದುಕೊಂಡರೆ ಆ ಮಗು ಆರು ತಿಂಗಳೊಳಗೆ ಶಾಲೆ ಬಿಡುತ್ತದೆಂಬುದನ್ನು ಅಧ್ಯಾಪಕರಾದವರೆಲ್ಲರೂ ಬಲ್ಲರು.

ಎರಡನೆಯ ಹೆಜ್ಜೆ: ಕಾಮನಬಿಲ್ಲು

ತರಗತಿಗೆ ಬರಬಲ್ಲ ಬಡಮಕ್ಕಳ ಮಾತು ಹೀಗಾಯಿತು. ಬರಲಾರದವರ ಗತಿಯೇನು? ಬೀದಿಯಲ್ಲಿ ವಾಸಿಸುವ ಮಗುವಿಗೆ ಹತ್ತು ಗಂಟೆಯ ಗಂಟೆಯಿಲ್ಲ. ಬೆಳಿಗ್ಗೆ ಚಿಂದಿ ಆಯಬೇಕು. ತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳಬೇಕು. ನಲ್ಲಿಯಲ್ಲಿ ನೀರು ಬಂದಾಗ ಹಿಡಿಯಬೇಕು. ಅಂಥ ಹತ್ತು ವರ್ಷದ ಹುಡುಗಿಯನ್ನು ಒಂದನೆಯ ತರಗತಿಯಲ್ಲಿ ಐದು ವರ್ಷದ ಮಕ್ಕಳೊಡನೆ ಕೂರಿಸಿದರೆ ನಾಚಿಕೆಯಿಂದ ಓಡಿಹೋದಾಳು. ಐದನೆಯ ತರಗತಿಯಲ್ಲಿ ಕೂರಿಸಿದರೆ ಏನೂ ತಿಳಿಯದೆ ಓಡಿಹೋದಾಳು. ಶಾಲೆಯ ಕಾಲನಿಯಮವೂ ತರಗತಿಯ ನಿಯಮವೂ ಆಕೆಯನ್ನು ಹೊರಗಿಡುತ್ತವೆ. ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದೆ.

ಈ ತೊಡಕಿಗೆ ಪರಿಹಾರವಾಗಿ 1985ರಲ್ಲಿ ಆರಂಭವಾದ ವ್ಯವಸ್ಥೆಗೆ ರೇನ್‌ಬೋ, ಎಂದರೆ ಕಾಮನಬಿಲ್ಲು, ಎಂದು ಹೆಸರು. ಅದರ ಕ್ರಮ ಹೀಗಿತ್ತು. ಬೀದಿಯ ಮಗು ಯಾವ ದಿನ ಯಾವ ಹೊತ್ತಿಗೆ ಬಂದರೂ ಶಾಲೆಯ ಬಾಗಿಲು ತೆರೆದಿರತಕ್ಕುದು. ಬಂದ ಮಗುವಿಗೆ ಒಬ್ಬ ಗುರು ಸಿದ್ಧಳಿರತಕ್ಕುದು. ಆ ಗುರು ಯಾರೆಂದರೆ ಅದೇ ಶಾಲೆಯ ಐದರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿನಿ. ಒಂದು ಮಗುವಿಗೆ ಒಬ್ಬಳು. ಮಗು ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದಲೇ ಪಾಠ ಮುಂದುವರಿಯುತ್ತದೆ. ನಿನ್ನೆ ಬರಲಿಲ್ಲವೇಕೆ ಎಂಬ ಗದರಿಕೆಯಿಲ್ಲ. ತಪ್ಪಿದ ಪಾಠವೆಂಬ ಮಾತೂ ಇಲ್ಲ.

ಪಶ್ಚಿಮ ಬಂಗಾಳದ ಪಠ್ಯಕ್ರಮದಲ್ಲಿ ಕಾರ್ಯಶಿಕ್ಷಣವೆಂಬ ವಿಷಯವೊಂದಿತ್ತು. ಅದರ ಅವಧಿಗಳಲ್ಲಿ ಬಹುತೇಕ ಶಾಲೆಗಳು ಹೊಲಿಗೆಯನ್ನೋ ಕಾಗದದ ಬುಟ್ಟಿಯನ್ನೋ ಮಾಡಿಸುತ್ತವೆ. ಸಿಯಾಲ್ದಾದಲ್ಲಿ ಆ ಅವಧಿಗಳನ್ನೇ ಬೀದಿಮಕ್ಕಳಿಗೆ ಪಾಠ ಹೇಳುವ ಅವಧಿಗಳನ್ನಾಗಿ ಮಾರ್ಪಡಿಸಿದರು. ಬೇರೆ ಬೇರೆ ತರಗತಿಗಳ ಕಾರ್ಯಶಿಕ್ಷಣವನ್ನು ವೇಳಾಪಟ್ಟಿಯಲ್ಲಿ ಬೇರೆ ಬೇರೆ ವೇಳೆಗೆ ಹಂಚಿದುದರಿಂದ ದಿನದ ಯಾವ ಹೊತ್ತಿನಲ್ಲಿಯೂ ಒಂದು ತರಗತಿಯಷ್ಟು ಬಾಲಗುರುಗಳು ಬಿಡುವಾಗಿರುತ್ತಿದ್ದರು. ಹೊಸ ಅಧ್ಯಾಪಕರ ನೇಮಕವಿಲ್ಲ, ಪ್ರತ್ಯೇಕ ಕಟ್ಟಡವಿಲ್ಲ, ಸರಕಾರದ ನಿಯಮದ ಉಲ್ಲಂಘನೆಯೂ ಇಲ್ಲ. ವೇಳಾಪಟ್ಟಿಯೆಂಬ ಒಂದು ಹಾಳೆಯಲ್ಲಿ ಈ ಕ್ರಮದ ಜೀವವಿತ್ತು. ಶಾಲೆಯ ಗೋಡೆಯ ಮೇಲೆ ತೂಗುವ ಆ ಹಾಳೆಯಲ್ಲಿ ಎಷ್ಟು ಧರ್ಮ ಅಡಗಿರಬಹುದೆಂಬುದು ಅಧ್ಯಾಪಕರು ಮನನ ಮಾಡತಕ್ಕ ವಿಷಯ.

ಹೀಗೆ ಓದುಬರಹದಲ್ಲಿ ಒಂದು ಮಟ್ಟಕ್ಕೆ ಬಂದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ, ಆ ಶಾಲೆಯಲ್ಲಿಯೇ ಆಗಲಿ ಬೇರೆ ಶಾಲೆಯಲ್ಲಿಯೇ ಆಗಲಿ, ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ಇನ್ನೊಂದು ಅಗತ್ಯವೂ ಎದುರಾಯಿತು. ಹಗಲು ಕಲಿತ ಬಾಲಿಕೆ ರಾತ್ರಿ ಮಲಗಬೇಕಾದುದು ಕಾಲುದಾರಿಯ ಮೇಲೆ. ಬೆಳೆಯುವ ಹೆಣ್ಣುಮಗುವಿಗೆ ಅದೆಷ್ಟು ಅಪಾಯಕರವೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಶಾಲೆಯ ಕಟ್ಟಡವಾದರೋ ಸಂಜೆಯಿಂದ ಬೆಳಗಿನವರೆಗೆ ಬರಿದಾಗಿಯೇ ಇರುತ್ತದೆ. ಆದುದರಿಂದ ಶಾಲೆಯ ಮಹಡಿಯಲ್ಲಿಯೇ ಆ ಬಾಲಿಕೆಯರು ಊಟಮಾಡಿ ಮಲಗುವ ಏರ್ಪಾಡಾಯಿತು. ದಿನದ 24 ಗಂಟೆಗಳಲ್ಲಿ ಏಳೆಂಟು ಗಂಟೆ ಮಾತ್ರ ಬಳಕೆಯಾಗುವ ಕಟ್ಟಡವು ಉಳಿದ ಹೊತ್ತಿನಲ್ಲಿಯೂ ಉಪಯೋಗಕ್ಕೆ ಬಂದಿತು. ಈ ಕಲ್ಪನೆಯೇ ಮುಂದೆ ರೇನ್‌ಬೋ ಹೋಮ್ಸ್ ಎಂಬ ಹೆಸರಿನಲ್ಲಿ ಹೈದರಾಬಾದು, ದಿಲ್ಲಿ, ಚೆನ್ನೈ ಮೊದಲಾದ ನಗರಗಳಿಗೂ, ನಮ್ಮ ಬೆಂಗಳೂರಿಗೂ ಹಬ್ಬಿತು.

ಆವರಣದ ಆಚೆಗೆ

ಶಾಲೆಯ ಒಳಗೆ ನಡೆದುದರ ಜತೆಗೆ ಹೊರಗೆ ನಡೆದುದನ್ನೂ ಹೇಳಬೇಕು. 1979ರಿಂದಲೇ ದೊಡ್ಡ ತರಗತಿಗಳ ವಿದ್ಯಾರ್ಥಿನಿಯರು ಸರದಿಯಂತೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಸುತ್ತಣ ಹಳ್ಳಿಗಳಿಗೆ ಹೋಗಿ, ಅಲ್ಲಿಯ ಶಾಲೆಗಳ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳಿ ಬರುವ ಪದ್ಧತಿ ಮೊದಲಾಯಿತು. ಇದರೊಡನೆಯೇ, ಹೆಚ್ಚು ಓದಿಲ್ಲದ ಹಳ್ಳಿಯ ಮತ್ತು ಕೊಳೆಗೇರಿಯ ಯುವಕ ಯುವತಿಯರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಅವರು ತಮ್ಮ ತಮ್ಮ ಕೇರಿಗಳಲ್ಲಿಯೇ ಚಿಕ್ಕಮಕ್ಕಳಿಗೆ ಅಕ್ಷರ ಕಲಿಸುವಂತೆ ಸಿದ್ಧಗೊಳಿಸುವ ಕಾರ್ಯವೂ ನಡೆಯಿತು. ಇವರನ್ನು ಬರಿಗಾಲ ಶಿಕ್ಷಕರೆಂದು ಕರೆದರು. ಪದವಿಯ ಪಾದರಕ್ಷೆಯಿಲ್ಲದವರು ಎಂಬ ಅರ್ಥದ ಈ ಹೆಸರು ಅನ್ವರ್ಥಕವಾಗಿದೆ.

ಮತ್ತೊಂದು ಕಾರ್ಯವು ಇನ್ನೂ ಸೂಕ್ಷ್ಮವಾದುದು. ಮನೆಗೆಲಸಕ್ಕೆ ಇಟ್ಟುಕೊಂಡ ಚಿಕ್ಕ ಹುಡುಗಿಯರು ನಗರದ ಮಧ್ಯಮವರ್ಗದ ಮನೆಗಳೊಳಗೆ ಅಡಗಿಹೋಗಿರುತ್ತಾರೆ. ಕಾರಖಾನೆಯ ಬಾಲಕಾರ್ಮಿಕನನ್ನು ಅಧಿಕಾರಿ ಕಂಡಾನು. ಅಡುಗೆಮನೆಯ ಬಾಲಕಾರ್ಮಿಕಳನ್ನು ಕಾಣುವವರಿಲ್ಲ. ಅವಳನ್ನು ಕಾಣಬಲ್ಲವಳು ಪಕ್ಕದ ಮನೆಯ ಸಮವಯಸ್ಕ ಬಾಲಿಕೆ. ಸಿಯಾಲ್ದಾ ಶಾಲೆಯ ವಿದ್ಯಾರ್ಥಿನಿಯರು ತಮ್ಮ ನೆರೆಹೊರೆಯಲ್ಲಿ ಇಂಥ ಹುಡುಗಿಯರನ್ನು ಗುರುತಿಸಿ, ಸ್ನೇಹ ಬೆಳೆಸಿ, ಅವರು ಕಲಿಕೆಗೆ ಬರುವಂತೆ ಯತ್ನಿಸುವ ಕಾರ್ಯವನ್ನು ಕೈಗೊಂಡರು. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದನ್ನು ಕೇಂದ್ರ ಸರಕಾರವು 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಕಾನೂನು ಬಂದರೂ ಅಡುಗೆಮನೆಯ ಬಾಗಿಲನ್ನು ತಟ್ಟಲು ಮನುಷ್ಯರು ಬೇಕು. ಇದೇ ರೀತಿ ಇಟ್ಟಿಗೆ ಭಟ್ಟಿಗಳಿಗೆ ಋತುಮಾನಕ್ಕೆ ತಕ್ಕಂತೆ ವಲಸೆ ಬರುವ ಕೂಲಿಕಾರರ ಮಕ್ಕಳಿಗೆ ಭಟ್ಟಿಗಳ ಬಳಿಯಲ್ಲಿಯೇ ಪಾಠದ ಏರ್ಪಾಡನ್ನೂ ಲೊರೆಟೊ ಸಂಸ್ಥೆ ನಡೆಸಿತು.

ಈ ಸೇವೆಗೆ ಮನ್ನಣೆಯೂ ದೊರೆಯಿತು. 1994ರಲ್ಲಿ ಯುನೆಸ್ಕೊ ಸಂಸ್ಥೆಯ ನೋಮಾ ಸಾಕ್ಷರತಾ ಪ್ರಶಸ್ತಿ ಶಾಲೆಗೆ ಬಂದಿತು. 2007ರಲ್ಲಿ ಭಾರತ ಸರಕಾರವು ಸಿಸ್ಟರ್ ಸಿರಿಲ್ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 2011ರಲ್ಲಿ ಅವರು ಮುಖ್ಯೋಪಾಧ್ಯಾಯಿನಿಯ ಹೊಣೆಯನ್ನು ಬಿಟ್ಟುಕೊಟ್ಟರು.

ಪೂರ್ವಪಕ್ಷವೂ ಸಮಾಧಾನವೂ

ಯಾವುದೊಂದು ವಿಷಯವನ್ನು ಪ್ರತಿಪಾದಿಸುವಾಗಲೂ ಪೂರ್ವಪಕ್ಷವನ್ನು ಮುಂದಿಟ್ಟು ಸಮಾಧಾನ ಹೇಳುವುದು ನಮ್ಮ ಶಾಸ್ತ್ರಪದ್ಧತಿ. ಇಲ್ಲಿಯೂ ಮೂರು ಆಕ್ಷೇಪಗಳು ಸಹಜವಾಗಿ ಏಳುತ್ತವೆ.

ಮೊದಲನೆಯದು: ಓದಲು ಬಂದ ವಿದ್ಯಾರ್ಥಿಗಳನ್ನು ಪಾಠ ಹೇಳುವುದಕ್ಕೆ ಹಚ್ಚಿದರೆ ಅವರ ಓದು ಕೆಡುವುದಿಲ್ಲವೇ? ತಂದೆತಾಯಿಗಳು ಶುಲ್ಕ ಕೊಡುವುದು ಇದಕ್ಕಾಗಿಯೇ? ಪ್ರಶ್ನೆ ನ್ಯಾಯವಾದುದೇ. ಆದರೆ ಇದಕ್ಕೆ ಬಳಸಿದುದು ಗಣಿತದ ಅವಧಿಯನ್ನಲ್ಲ, ಕಾರ್ಯಶಿಕ್ಷಣಕ್ಕೆಂದೇ ಮೀಸಲಾದ ಅವಧಿಯನ್ನು ಎಂಬುದನ್ನು ಮರೆಯಬಾರದು. ಇದಲ್ಲದೆ ಪಾಠ ಹೇಳುವುದು ಓದಿನ ಒಂದು ಅಂಗವೇ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮುಂದಿನ ಹುಡುಗನು ಹಿಂದಿನ ಹುಡುಗನಿಗೆ ಮಗ್ಗಿಯನ್ನೂ ಕಾಗುಣಿತವನ್ನೂ ಹೇಳಿಕೊಡುತ್ತಿದ್ದನು. ದಕ್ಷಿಣ ಭಾರತದ ಈ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು 18ನೆಯ ಶತಮಾನದ ಕೊನೆಯಲ್ಲಿ ಅದನ್ನು ಇಂಗ್ಲೆಂಡಿಗೆ ಕೊಂಡೊಯ್ದು ಪ್ರಚಾರಮಾಡಿದನು. ಅಲ್ಲಿ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಸಿಯಾಲ್ದಾದಲ್ಲಿ ನಡೆದುದು ಒಂದರ್ಥದಲ್ಲಿ ಆ ಪದ್ಧತಿಯ ಪುನರಾಗಮನ. ಭೇದವೇನೆಂದರೆ, ಕೂಲಿಮಠದಲ್ಲಿ ಗುರುವಿನ ಹೊರೆ ಇಳಿಯಲೆಂದು ಹಿರಿಯ ಶಿಷ್ಯನು ಕಲಿಸುತ್ತಿದ್ದನು. ಇಲ್ಲಿ ಗೋಡೆಯ ಹೊರಗಿದ್ದ ಮಗು ಒಳಗೆ ಬರಲೆಂದು ಹಿರಿಯ ಶಿಷ್ಯೆ ಕಲಿಸಿದಳು.

ಎರಡನೆಯದು: ಹಣವೆಲ್ಲಿಂದ ಬರಬೇಕು? ಅರ್ಧದಷ್ಟು ಮಕ್ಕಳು ಶುಲ್ಕ ಕೊಡದ ಶಾಲೆ ಎಷ್ಟು ದಿನ ನಿಂತೀತು? ಶುಲ್ಕದೊಡನೆ ದೇಶವಿದೇಶಗಳ ದಾನಿಗಳ ನೆರವಿನಿಂದ ಈ ಶಾಲೆ ನಡೆಯಿತು. ದಾನವಿಲ್ಲದೆ ಇಂಥ ಕಾರ್ಯ ನಡೆಯದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಲ್ಲಿ ದಾನಿಗಳು ಗಮನಿಸತಕ್ಕ ಅಂಶವೊಂದಿದೆ. ಶಾಲೆಯ ವೆಚ್ಚದಲ್ಲಿ ಹೆಚ್ಚಿನ ಪಾಲು ಕಟ್ಟಡಕ್ಕೂ ಅಧ್ಯಾಪಕರ ವೇತನಕ್ಕೂ ಸಲ್ಲುತ್ತದೆ. ಇರುವ ಕಟ್ಟಡವನ್ನೇ ಹೆಚ್ಚು ಹೊತ್ತು ಬಳಸಿ, ವಿದ್ಯಾರ್ಥಿನಿಯರ ಶಕ್ತಿಯನ್ನೇ ಕಲಿಸುವಿಕೆಗೆ ತೊಡಗಿಸಿದುದರಿಂದ ಒಂದೊಂದು ಹೊಸ ಮಗುವಿಗೆ ತಗಲುವ ವೆಚ್ಚವು ಅನ್ನ, ಬಟ್ಟೆ, ಪುಸ್ತಕ, ಔಷಧಗಳಷ್ಟಕ್ಕೆ ಇಳಿಯುತ್ತದೆ. ದಾನವೆಂದೊಡನೆ ಹೊಸ ಕಟ್ಟಡವೊಂದನ್ನು ಕಟ್ಟಿಸಿ ಶಿಲಾಫಲಕ ಹಾಕಿಸುವುದು ನಮ್ಮ ಕಾಲದ ರೂಢಿ. ಅದು ತಪ್ಪೆಂದು ಹೇಳುತ್ತಿಲ್ಲ. ಕಟ್ಟಿದವರಿಲ್ಲದಿದ್ದರೆ ಬಳಸುವುದಕ್ಕೂ ಏನೂ ಇರುತ್ತಿರಲಿಲ್ಲ. ಆದರೆ ಇರುವ ಕೊಠಡಿ ಸಂಜೆಯ ಮೇಲೂ ಬೆಳಗುವಂತೆ ಮಾಡುವ ದಾನಕ್ಕೆ ಫಲಕವಿಲ್ಲದಿದ್ದರೂ ಫಲವುಂಟು.

ಮೂರನೆಯ ಆಕ್ಷೇಪವೇ ಹೆಚ್ಚು ಗಂಭೀರವಾದುದು. ಬಡಮಗುವು ಶ್ರೀಮಂತ ಮಗುವಿನ ಪುಣ್ಯಸಂಪಾದನೆಗೆ ಸಾಧನವಾಗಿಬಿಡುವುದಿಲ್ಲವೇ? ನಾನು ಕೊಡುವವಳು, ನೀನು ಬೇಡುವವಳು ಎಂಬ ಭಾವ ಎಳವೆಯಲ್ಲಿಯೇ ಬೇರೂರಿದರೆ ಆಗುವುದು ಉಪಕಾರವೋ ಅಪಕಾರವೋ? ವಾರಕ್ಕೊಂದು ದಿನ ಅನಾಥಾಶ್ರಮಕ್ಕೆ ಹೋಗಿ ಹಣ್ಣು ಹಂಚಿ ಛಾಯಾಚಿತ್ರ ತೆಗೆಸಿಕೊಂಡು ಬರುವ ಕಾರ್ಯಕ್ರಮಗಳಿಗೆ ಈ ಆಕ್ಷೇಪ ಸರಿಯಾಗಿ ತಗಲುತ್ತದೆ. ಸಿಯಾಲ್ದಾದ ಕ್ರಮದಲ್ಲಿ ಇದಕ್ಕೆ ತಕ್ಕಮಟ್ಟಿನ ತಡೆಯುಂಟು. ಅಲ್ಲಿ ಪಾಠ ಹೇಳುವ 1400 ಮಂದಿಯ ಶಾಲೆಯಲ್ಲಿ ಅರ್ಧದಷ್ಟು ಮಂದಿ ತಾವೇ ಬಡವರು. ಬೀದಿಯ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವವಳು ಗುಡಿಸಲಿನ ಹುಡುಗಿಯೂ ಆಗಿರಬಹುದು. ಇಂದು ಕಲಿಯಲು ಬಂದವಳು ನಾಳೆ ತರಗತಿಗೆ ಸೇರಿ, ಐದನೆಯ ತರಗತಿಗೆ ಬಂದಾಗ ತಾನೇ ಮತ್ತೊಬ್ಬಳಿಗೆ ಗುರುವಾಗುತ್ತಾಳೆ. ಕೊಡುವವರ ಸಾಲೂ ಕೊಳ್ಳುವವರ ಸಾಲೂ ಒಂದರೊಳಗೊಂದು ಬೆರೆತಾಗ ದಾತೃತ್ವದ ಅಹಂಕಾರಕ್ಕೆ ಎಡೆ ಕಿರಿದಾಗುತ್ತದೆ. ಪೂರ್ಣವಾಗಿ ಅಳಿಯುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು.

ಕಾನೂನು ಮತ್ತು ಧರ್ಮ

ಈ ಪ್ರಯೋಗವು ನಡೆಯುತ್ತಿದ್ದ ಕಾಲದಲ್ಲಿಯೇ ದೇಶದ ಕಾನೂನೂ ಬದಲಾಯಿತು. 2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿಯು 6ರಿಂದ 14 ವರ್ಷಗಳವರೆಗಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದನ್ನು ಕಾರ್ಯಗತಗೊಳಿಸುವ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು ಆ ಕಾಯಿದೆಯ 4ನೆಯ ಪ್ರಕರಣ ಹೇಳುತ್ತದೆ. ಸಿಯಾಲ್ದಾದಲ್ಲಿ ಕಾಲು ಶತಮಾನದ ಹಿಂದೆಯೇ ಇದು ನಡೆಯುತ್ತಿತ್ತೆಂಬುದನ್ನು ವಾಚಕರು ಈಗಾಗಲೇ ಗ್ರಹಿಸಿದ್ದಾರೆ. ಅದೇ ಕಾಯಿದೆಯ 12ನೆಯ ಪ್ರಕರಣದಂತೆ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಕೊಡತಕ್ಕುದು. ನಮ್ಮ ಊರುಗಳಲ್ಲಿ ಆರ್.ಟಿ.ಇ. ಸೀಟು ಎಂಬ ಮಾತು ಇದರಿಂದಲೇ ಬಂದುದು.

ಇಲ್ಲಿ ಒಂದು ಸ್ವಾರಸ್ಯವುಂಟು. ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 12ರ ತೀರ್ಪಿನಲ್ಲಿ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಹೇಳಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠವು ಆ ವಿನಾಯಿತಿಯನ್ನು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ವಿಸ್ತರಿಸಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು 2014ರ ತೀರ್ಪಿನ ಬಗೆಗೆ ಸಂದೇಹವನ್ನು ಸೂಚಿಸಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವುದಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ನ್ಯಾಯಾಲಯದ ವಾದವಿವಾದವು ಶೇಕಡಾ 25ರ ಸುತ್ತ ನಡೆಯುತ್ತಿರುವಾಗ, ಆ 25ರ ಕಟ್ಟಿಗೂ ಒಳಪಡದ ವರ್ಗಕ್ಕೆ ಸೇರಿದ ಶಾಲೆಯೊಂದು ಯಾವ ಕಾಯಿದೆಯೂ ಇಲ್ಲದಿದ್ದ ಕಾಲದಲ್ಲಿಯೇ ಶೇಕಡಾ 50ನ್ನು ಮುಟ್ಟಿತ್ತು. ಕಾನೂನು ಕನಿಷ್ಠವನ್ನು ನಿಗದಿಮಾಡುತ್ತದೆ. ಗರಿಷ್ಠವನ್ನು ಗೊತ್ತುಪಡಿಸುವವರು ಶಾಲೆಯನ್ನು ನಡೆಸುವವರೇ.

ಹೀಗೆಂದು ಕಾನೂನು ನಿರರ್ಥಕವೆಂದು ತಿಳಿಯಬಾರದು. ಒಂದು ಶಾಲೆಯ ಔದಾರ್ಯ ಒಂದು ನೆರೆಯನ್ನು ಬೆಳಗೀತು. ದೇಶದ ಎಲ್ಲ ಮಕ್ಕಳ ಹೊಣೆಯನ್ನು ಹೊರಬಲ್ಲುದು ರಾಜ್ಯವೊಂದೇ. ಸಿಯಾಲ್ದಾದ ಆವರಣಕ್ಕೆ ಬಂದ ಮಕ್ಕಳಿಗಿಂತ ಬಾರದ ಮಕ್ಕಳ ಸಂಖ್ಯೆ ಅದೆಷ್ಟೋ ಪಾಲು ಹೆಚ್ಚು. ಇನ್ನೊಂದು ಮಿತಿಯನ್ನೂ ಹೇಳಬೇಕು. ಇಂಥ ಕಾರ್ಯಗಳು ಬಹುವೇಳೆ ಒಬ್ಬ ಸಮರ್ಥ ವ್ಯಕ್ತಿಯ ಸಂಕಲ್ಪಬಲದಿಂದ ಬೆಳೆಯುತ್ತವೆ. ಆ ವ್ಯಕ್ತಿ ಹಿಂದೆ ಸರಿದಾಗ ಅವು ಬಾಡುವ ಅಪಾಯ ಸದಾ ಇರುತ್ತದೆ. ಆದುದರಿಂದಲೇ ವೇಳಾಪಟ್ಟಿಯ ಮಾತನ್ನು ಇಷ್ಟು ಒತ್ತಿ ಹೇಳಿದುದು. ಸಂಕಲ್ಪವು ವ್ಯಕ್ತಿಯೊಡನೆ ಹೋಗಬಹುದು. ವೇಳಾಪಟ್ಟಿಯಲ್ಲಿಯೂ ಪ್ರವೇಶನಿಯಮದಲ್ಲಿಯೂ ಬರೆದಿಟ್ಟ ಕ್ರಮವು ಉಳಿಯುವ ಸಂಭವ ಹೆಚ್ಚು.

ಉಪಸಂಹಾರ

ಒಂದು ಶಾಲೆಯ ಸಾಧನೆಯನ್ನು ಅಳೆಯುವಾಗ ಪರೀಕ್ಷೆಯ ಫಲಿತಾಂಶ, ಪಡೆದ ಪದಕ, ಏರಿದ ಕಟ್ಟಡ, ಉನ್ನತ ಪದವಿಗೇರಿದ ಹಳೆಯ ವಿದ್ಯಾರ್ಥಿಗಳು, ಇವುಗಳನ್ನು ಎಣಿಸುವುದು ವಾಡಿಕೆ. ಇವೆಲ್ಲವೂ ಎಣಿಸತಕ್ಕವೇ. ಅವುಗಳ ಜತೆಗೆ, ಶಾಲೆಯ ಗೋಡೆಯ ಹೊರಮಗ್ಗುಲಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿ ಈ ವರ್ಷ ಒಳಗೆ ಬಂದರು ಎಂಬುದನ್ನೂ ಎಣಿಸಬೇಕೆಂದು ಸಿಯಾಲ್ದಾದ ಉದಾಹರಣೆ ತಿಳಿಸುತ್ತದೆ.

ಅದನ್ನು ಇದ್ದಂತೆಯೇ ಎತ್ತಿ ಬೇರೆಡೆಯಲ್ಲಿ ನೆಡಬೇಕಾಗಿಲ್ಲ. ಮಹಾನಗರದ ರೈಲುನಿಲ್ದಾಣದ ನೆರೆಗೆ ಒಪ್ಪಿದ ಕ್ರಮ ತಾಲ್ಲೂಕು ಕೇಂದ್ರಕ್ಕೆ ಒಪ್ಪಬೇಕೆಂಬ ನಿಯಮವಿಲ್ಲ. ಒಂದೂರಿನಲ್ಲಿ ಕಬ್ಬು ಕಡಿಯಲು ಬಂದವರ ಮಕ್ಕಳಿರಬಹುದು. ಇನ್ನೊಂದೂರಿನಲ್ಲಿ ಕಲ್ಲುಕ್ವಾರಿಯವರ ಮಕ್ಕಳು. ಮತ್ತೊಂದೂರಿನಲ್ಲಿ ಕುರಿಯ ಹಿಂಡಿನ ಹಿಂದೆ ನಡೆಯುವವರ ಮಕ್ಕಳು. ಅವರಿಗೆ ಯಾವ ಹೊಸ್ತಿಲು ಎತ್ತರವಾಗಿದೆಯೆಂಬುದನ್ನು ಅಲ್ಲಲ್ಲಿಯ ಅಧ್ಯಾಪಕರೇ ಬಲ್ಲರು. ಅದನ್ನು ತಗ್ಗಿಸುವ ಉಪಾಯವನ್ನು ಅಧ್ಯಾಪಕರು ಯೋಚಿಸಲಿ. ತಾವು ಕಲಿತ ಕೊಠಡಿ ಸಂಜೆಯ ಮೇಲೆ ಬರಿದಾಗಿರುವುದನ್ನು ಹಳೆಯ ವಿದ್ಯಾರ್ಥಿಗಳು ಗಮನಿಸಲಿ. ಅಲ್ಲಿ ಒಂದು ದೀಪಕ್ಕೂ ಒಂದು ಹೊತ್ತಿನ ಅನ್ನಕ್ಕೂ ದಾನಿಗಳು ನೆರವಾಗಲಿ. ಬಡಿಸುವವರಿಗೆ ಮನಸ್ಸಿದ್ದರೆ ಪಂಕ್ತಿಯ ಕೊನೆಯಲ್ಲಿ ಇನ್ನೊಂದು ಎಲೆ ಹಾಕುವಷ್ಟು ಎಡೆ ಯಾವಾಗಲೂ ಇದ್ದೇ ಇರುತ್ತದೆ.